ವ್ಯಾನಿನೊಳಗಿನ ಒಲೆಗೂಡು

ನಮ್ಮ ಯಜಮಾನರ ಹೊಟ್ಟೆ ಕೆಡಿಸಿದ್ದು ಮೆಣಸಿನಕಾಯಿ ಬಜ್ಜಿ. ಹಾಗಂತ ಡಾಕ್ಟರು ಹೇಳಲಿಲ್ಲ, ಅವರು ಹೇಳಿದ್ದು ಅಲ್ಸರ್ ಅಂತ. ಆದರೆ ಆ ಅಲ್ಸರಿನ ಹುಟ್ಟೂರು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪಾಂಡವಪುರದಲ್ಲಿ ಬೆಳಗಿನ ಬಜ್ಜಿ, ಕೆ.ಆರ್. ಪೇಟೆಯಲ್ಲಿ ಮಧ್ಯಾಹ್ನದ ಬೋಂಡ, ನಾಗಮಂಗಲ ತಲುಪುವ ಹೊತ್ತಿಗೆ ಬರೀ ಟೀ. ಹೊತ್ತಿಗೆ ಸರಿಯಾಗಿ ಊಟ ಅನ್ನುವುದು ಮನೆಗೆ ಬಂದ ದಿನ ಮಾತ್ರ. ಮನೆಗೆ ಬರುವ ದಿನವೇ ಅಪರೂಪವಾಗಿತ್ತಲ್ಲ, ಅದು ಬೇರೆ ಮಾತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ನಮ್ಮ ಮೋಟರ್ ರಿಪೇರಿ ಅಂಗಡಿ, ಅದರ ಬೆನ್ನಿಗೆ ಮನೆ. ಕರೆಂಟಿಗೆ ಮನಸ್ಸು ಬಂದಾಗ ಬರುವುದು, ಬಂದರೆ ಅರೆಜೀವ, ಇಲ್ಲವೇ ಒಮ್ಮೆಗೇ ನುಗ್ಗುವುದು. ಸುತ್ತಲಿನ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಸುಡುತ್ತಲೇ ಇದ್ದವು. ಸುಟ್ಟ ಮೋಟರನ್ನು ಗಾಡಿಗೆ ಹೇರಿ ನಮ್ಮ ಅಂಗಡಿಗೆ ತರುವಷ್ಟರಲ್ಲಿ ರೈತನಿಗೆ ಒಂದು ದಿನ ಹಾಳು. ಅದಕ್ಕೆ ನಮ್ಮ ಯಜಮಾನರು ಒಂದು ಹಳೇ ಡೀಸೆಲ್ ವ್ಯಾನು ಕೊಂಡು, ತಂತಿ ಸುತ್ತುವ ಯಂತ್ರ, ತಾಮ್ರದ ಸುರುಳಿ, ವಾರ್ನಿಷ್ ಡಬ್ಬ ಎಲ್ಲ ತುಂಬಿಕೊಂಡು ಅಂಗಡಿಯನ್ನೇ ಊರೂರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಬಾವಿಯ ಪಕ್ಕದಲ್ಲೇ ವ್ಯಾನು ನಿಲ್ಲಿಸಿ, ಅದರಲ್ಲೇ ಮಲಗಿ, ಮೋಟರು ಓಡಿದ ಮೇಲೇ ಮುಂದಿನೂರು.

ಮೋಟರು ಓಡಿದ ಮೇಲೆ ಇನ್ನೊಂದು ಕಾಟ. ನಮ್ಮ ಕಡೆ ನೀರು ಬರಿಸಿಕೊಟ್ಟವನನ್ನು ಉಣ್ಣಿಸದೆ ಕಳಿಸುವುದಿಲ್ಲ. ಎಲೆ ಹಾಕಿ ಕೂರಿಸಿ, ಕೆಂಪಗೆ ಕುದಿಯುವ ಸಾರು ಬಡಿಸುತ್ತಾರೆ, ಒಲ್ಲೆ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಇವರು ಒಲ್ಲೆ ಅನ್ನುವ ಪೈಕಿಯೇ ಅಲ್ಲ. ಹೊಟ್ಟೆ ಹಿಡಿದುಕೊಂಡು ಉಂಡು, ಎಲ್ಲೋ ಮರದ ಕೆಳಗೆ ವ್ಯಾನು ನಿಲ್ಲಿಸಿ ಒದ್ದಾಡಿ, ಮತ್ತೆ ಹೊರಡುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಆಮೇಲೆ, ನಾಗಮಂಗಲದ ಆಚೆ ಯಾರದೋ ತೋಟದಲ್ಲಿ ರಕ್ತ ವಾಂತಿ ಮಾಡಿ, ಆ ತೋಟದವರೇ ಎತ್ತಿಕೊಂಡು ಹೋಗಿ ಆದಿಚುಂಚನಗಿರಿಯ ಆಸ್ಪತ್ರೆಗೆ ಸೇರಿಸಿದ ಮೇಲೆ.

ಅಲ್ಲಿಯ ಡಾಕ್ಟರು ಸಮಾಧಾನದ ಮನುಷ್ಯ. "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧ ಹೊತ್ತು ಹೊತ್ತಿಗೆ ಬಿಸಿಯಾದ, ಮೆತ್ತಗಿನ, ಖಾರವಿಲ್ಲದ ಊಟ. ಒಂದು ಹೊತ್ತೂ ತಪ್ಪೋ ಹಾಗಿಲ್ಲ. ತಪ್ಪಿದರೆ ಮುಂದಿನ ಸಲ ಹೊಟ್ಟೆ ಕೊಯ್ಯಬೇಕಾಗುತ್ತೆ" ಅಂದರು. ರಾಗಿ ಮುದ್ದೆ ಆಗಬಹುದೇ ಅಂತ ಇವರು ಹಾಸಿಗೆಯಿಂದಲೇ ಕೇಳಿದರು. ಆಗಬಹುದು ಅಂದಾಗ ಇವರ ಮುಖ ಅರಳಿದ್ದು ನೋಡಿ ನನಗೆ ಸಿಟ್ಟು ಬಂತು. ನಾನು ಅಲ್ಲಿ ಅತ್ತು ಅತ್ತು ಸೀರೆಯ ಸೆರಗು ಒದ್ದೆ ಮಾಡಿಕೊಂಡು ನಿಂತಿದ್ದೇನೆ, ಈ ಮನುಷ್ಯನಿಗೆ ಮುದ್ದೆಯ ಚಿಂತೆ.

ಮನೆಗೆ ಬಂದ ಮೇಲೆ ವ್ಯಾನು ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತು. ಹೊತ್ತು ಹೊತ್ತಿಗೆ ಗಂಜಿ, ಮೆತ್ತಗೆ ಬೇಯಿಸಿದ ಸೊಪ್ಪು, ಮಜ್ಜಿಗೆ, ಮುದ್ದೆ. ಮೈಗೆ ರಕ್ತ ತುಂಬಿಕೊಂಡಿತು, ಕೆನ್ನೆ ಬಂತು. ಆದರೆ ಮನುಷ್ಯ ಮಂಕಾದರು. ಅಂಗಡಿಗೆ ತಂದ ಮೋಟರುಗಳನ್ನು ಮಾಡುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಯಾರಾದರೂ ದೂರದ ಊರಿನವರು ಬಂದು "ಒಸಿ ಬಂದು ನೋಡಣ್ಣ, ಬಾವಿತಾವ್ಲೇ ಮಾಡ್ಬೇಕು" ಅಂದರೆ ಒಳಗಿದ್ದ ನನ್ನ ಕಡೆ ಒಮ್ಮೆ ನೋಡಿ, "ಆಗಾಕಿಲ್ಲ ಕಣ್ಲಾ, ಮೈ ಸರಿ ಇಲ್ಲ" ಅನ್ನುತ್ತಿದ್ದರು. ಆಮೇಲೆ ಬಹಳ ಹೊತ್ತು ಆ ರಸ್ತೆಯನ್ನೇ ನೋಡುತ್ತಾ ಕೂರುತ್ತಿದ್ದರು. ಹಾಗೆ ನೋಡುವುದನ್ನು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ.

ಬುತ್ತಿ ಕಟ್ಟಿ ಕಳಿಸೋಣವೆಂದರೆ ಒಂದು ಹೊತ್ತಿಗಾಗುತ್ತದೆ, ಮರುದಿನಕ್ಕೆ ಹಳಸುತ್ತದೆ. ನಾನೇ ಜೊತೆಗೆ ಹೋಗಬಹುದಿತ್ತು. ಮಗಳು ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ಹಸು ಕರು ಇರಲಿಲ್ಲ, ನನ್ನನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ. ಹಿಡಿದು ನಿಲ್ಲಿಸಿದ್ದು ಬೆಂಕಿ. ಮದುವೆಯಾದ ಹೊಸದರಲ್ಲಿ ಪಂಪ್ ಸ್ಟೋವು ಭುಗ್ಗೆಂದು ಎದ್ದು ನನ್ನ ಎಡಗೈಯನ್ನು ಮೊಣಕೈವರೆಗೂ ಸುಟ್ಟಿತ್ತು. ಇವರೇ ಗೋಣಿಚೀಲ ಸುತ್ತಿ ಆರಿಸಿದ್ದರು. ಅವತ್ತಿನಿಂದ ನಾನು ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ಸೌದೆ ಒಲೆ ಬಿಟ್ಟು ಇನ್ನೊಂದನ್ನು ಮುಟ್ಟಿದವಳಲ್ಲ. ಸೌದೆಯ ಬೆಂಕಿ ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಎಳೆದರೆ ಆರುತ್ತದೆ. ಡಬ್ಬದೊಳಗೆ ಬಚ್ಚಿಟ್ಟುಕೊಂಡು ಕೂತ ಬೆಂಕಿಯನ್ನು ನಂಬುವುದು ಹೇಗೆ? ಕಾದು ಕಾದು ಬಂದ ಗ್ಯಾಸ್ ಸಿಲಿಂಡರಿಗೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದ್ದೆ. ಬಂದವರೆಲ್ಲ ಅದನ್ನು ಸ್ಟೂಲು ಅಂದುಕೊಂಡು ಕೂರಲು ಹೋಗುತ್ತಿದ್ದರು.

ಒಂದು ದಿನ ವ್ಯಾನಿನೊಳಗಿಂದ ಬಡಿಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಡ್ರೈವರ್ ಸೀಟಿನ ಹಿಂದೆ, ಪಕ್ಕದ ಬಾಗಿಲಿನ ಹತ್ತಿರ, ಇವರು ಪ್ಯಾಕಿಂಗ್ ಪೆಟ್ಟಿಗೆಯ ಪ್ಲೈವುಡ್ ಹಲಗೆಗಳನ್ನು ಸೇರಿಸಿ ಏನೋ ಗೂಡು ಕಟ್ಟುತ್ತಿದ್ದಾರೆ.

"ಕೋಳಿ ಸಾಕ್ತೀರಾ?" ಅಂತ ಕೇಳಿದೆ.

"ಒಲೆ ಮಡಗಾಕೆ."

"ಬೇಯ್ಸೋರು ಯಾರು?"

"ನಾನೇ ಬೇಯ್ಸ್ಕತೀನಿ. ಗಂಜಿ ಕಾಯ್ಸಾಕೆ ಏನ್ ಮಾ ವಿದ್ಯೆ?"

ಈ ಮನುಷ್ಯನಿಗೆ ಹಾಲು ಉಕ್ಕುವುದು ಗೊತ್ತಾಗುವುದು ಒಲೆ ಆರಿದ ಮೇಲೆ. ಮಗಳು ಹುಟ್ಟಿದಾಗ ನನಗೆ ಅಂತ ಒಮ್ಮೆ ಅನ್ನ ಮಾಡಿದ್ದರು, ಪಾತ್ರೆಯನ್ನೇ ಬಿಸಾಡಬೇಕಾಯಿತು. ನಾನು ಗೇಲಿ ಮಾಡಿ ನಕ್ಕು ಒಳಗೆ ಬಂದೆ. ಒಳಗೆ ಬಂದವಳಿಗೆ ನಗು ನಿಂತುಹೋಯಿತು. ಹೋಗುವುದು ಅಂತ ಇವರು ನಿಶ್ಚಯ ಮಾಡಿಬಿಟ್ಟಿದ್ದಾರೆ. ಎಲ್ಲೋ ಒಂದು ತೋಟದಲ್ಲಿ ಒಬ್ಬರೇ, ಸೀದ ಗಂಜಿ ಕುಡಿದುಕೊಂಡು, ಒಂದು ಹೊತ್ತು ಇದ್ದು ಒಂದು ಹೊತ್ತು ತಪ್ಪಿಸಿ, ಮತ್ತೆ ಅದೇ ರಕ್ತ. ಯಾರದೋ ತೋಟದವರು ಎರಡನೇ ಸಲವೂ ಹತ್ತಿರದಲ್ಲೇ ಇರುತ್ತಾರೆ ಅಂತ ಯಾವ ದೇವರು ಬರೆದುಕೊಟ್ಟಿದ್ದಾನೆ?

ಮೊದಲನೇ ಗೂಡಿನ ಕತೆ ಬೇಗ ಮುಗಿಯಿತು. ಸಿಲಿಂಡರಿನ ಸಣ್ಣ ತಮ್ಮನಂಥದ್ದೊಂದನ್ನು ತಂದು, ಗೂಡಿನೊಳಗೆ ಒಲೆ ಇಟ್ಟು, ಒಂದು ಮಳೆಯ ದಿನ ಅಕ್ಕಿ ಹಾಕಿದರು. ಆವಿ ಹೊರಗೆ ಹೋಗಲು ದಾರಿ ಬಿಟ್ಟಿರಲಿಲ್ಲ. ಮೇಲಿಂದ ಮಳೆಯ ತೇವ, ಒಳಗಿಂದ ಅನ್ನದ ಆವಿ. ಒಲೆ ಆರಿಸಿ, ಗಂಜಿ ಇಂಗಲಿ ಅಂತ ಬಾಗಿಲು ಮುಚ್ಚಿ ಬಂದಿದ್ದರಂತೆ. ಹಲಗೆ ಉಬ್ಬಿಕೊಂಡು ಬಾಗಿಲು ಕಚ್ಚಿ ಹಿಡಿಯಿತು. ಒಳಗೆ ಅನ್ನ, ಹೊರಗೆ ಇವರು. ಕೊನೆಗೆ ಉಳಿ ಹಾಕಿ ಮೀಟಿ ತೆಗೆದಾಗ ಸಂಜೆಯಾಗಿತ್ತು. ಅಷ್ಟರಲ್ಲಿ ನಾನು ಸೌದೆ ಒಲೆಯ ಮುದ್ದೆ ಉಣ್ಣಿಸಿಯಾಗಿತ್ತು.

ಎರಡನೇ ಗೂಡಿಗೆ ಇವರು ತಮ್ಮ ಕಸುಬನ್ನೆಲ್ಲ ತಂದರು. ಮೋಟರಿನ ತಂತಿ ಸುತ್ತಿದ ಮೇಲೆ ಅದನ್ನು ವಾರ್ನಿಷ್‌ನಲ್ಲಿ ಅದ್ದುತ್ತಾರೆ. ಆಮೇಲೆ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ದೊಡ್ಡ ಬಲ್ಬು ಉರಿಸಿ ಆ ಕಾವಿಗೆ ಒಣಗಿಸುತ್ತಾರೆ. ಒಮ್ಮೆ ಹಾಗೆ ಒಣಗಿದರೆ ತಂತಿಗೆ ತೇವ ತಾಕುವುದಿಲ್ಲ. ಬಾವಿಯ ಬಾಯಲ್ಲಿ ಕೂತ ಮೋಟರಿಗೇ ಆಗುವುದು ಹಲಗೆಗೇಕೆ ಆಗಬಾರದು ಅಂತ ಇವರ ಲೆಕ್ಕ. ಹೊಸ ಹಲಗೆಗೆಲ್ಲ ಅದೇ ವಾರ್ನಿಷ್ ಬಳಿದು, ಗೂಡಿನೊಳಗೆ ಬಲ್ಬು ತೂಗುಹಾಕಿ, ಒಂದು ದಿನ ಒಣಗಿಸಿ, ಹೆಮ್ಮೆಯಿಂದ ಅನ್ನ ಮಾಡಿ ತಟ್ಟೆಯಲ್ಲಿ ನನ್ನ ಮುಂದೆ ತಂದಿಟ್ಟರು. ಅನ್ನ ಬೆಂದಿತ್ತು, ಅದನ್ನು ಒಪ್ಪಬೇಕು. ಒಂದು ತುತ್ತು ಬಾಯಿಗಿಟ್ಟೆ.

"ಎಂಗದೆ?"

"ಸುಟ್ಟೋದ ಮೋಟ್ರು ತಿಂದಂಗದೆ."

ಇವರು ತಟ್ಟೆ ಎತ್ತಿ ಮೂಸಿದರು. ಮತ್ತೆ ಮೂಸಿದರು. "ಏನೂ ವಾಸ್ನೆ ಇಲ್ವಲ್ಲ ಕಣಮ್ಮಿ" ಅಂದರು, ನಿಜವಾಗಿಯೂ ಆಶ್ಚರ್ಯಪಟ್ಟು. ಮದುವೆಯಾದಾಗಿನಿಂದ ಆ ವಾಸನೆಯ ಅಂಗಿ ಒಗೆದವಳು ನಾನು. ಅದು ಇವರ ಮೂಗಿನೊಳಗೇ ಮನೆ ಮಾಡಿಕೊಂಡಿದೆ, ಇವರಿಗೆ ಗೊತ್ತಾಗುವುದಾದರೂ ಹೇಗೆ! ಅಂದು ನಾವಿಬ್ಬರೂ ಬಹಳ ನಕ್ಕೆವು. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ನಕ್ಕಿದ್ದರಿಂದಲೋ ಏನೋ, ಮಾರನೆಯ ದಿನದಿಂದ ನಾನು ವ್ಯಾನಿನ ಬಾಗಿಲಲ್ಲಿ ನಿಂತು ತಪ್ಪು ಹುಡುಕುವ ಕೆಲಸಕ್ಕೆ ಸೇರಿಕೊಂಡೆ. ಆವಿ ಹೋಗುವುದಕ್ಕೆ ಮೇಲೆ ದಾರಿ ಬಿಡಿ, ಆ ದಾರಿಯಿಂದ ಮಳೆ ಒಳಗೆ ಬಾರದ ಹಾಗೆ ಟೋಪಿ ಹಾಕಿ ಅಂದೆ. ಹಾಕಿದರು. ವಾರ್ನಿಷ್ ಡಬ್ಬ, ಡೀಸೆಲ್ ಕ್ಯಾನು ಒಲೆಯ ಪಕ್ಕದಲ್ಲೇ ಇವೆಯಲ್ಲ, ಬುದ್ಧಿ ಇದೆಯಾ ಅಂದೆ. ಅವನ್ನು ವ್ಯಾನಿನ ಹಿಂಬದಿಗೆ ಸಾಗಿಸಿ, ನಡುವೆ ತಗಡಿನ ಗೋಡೆ ನಿಲ್ಲಿಸಿದರು. ವಾರ್ನಿಷ್ ಹಲಗೆಯನ್ನೆಲ್ಲ ಕಿತ್ತು ಅಂಗಡಿಯ ಬೆಂಚಿಗೆ ಹೊಡೆದರು. ಹೊಸ ಹಲಗೆಯ ಒಳಮೈಗೆ ಅಲ್ಯೂಮಿನಿಯಂ ತಗಡು ಹೊದಿಸಲು ಶ್ರೀರಂಗಪಟ್ಟಣದ ಕೋಟೆಯೊಳಗಿನ ತಗಡಿನ ಕೆಲಸದ ಸಾಹೇಬರನ್ನು ಕರೆದುಕೊಂಡು ಬಂದರು. ತಗಡು ಹಲಗೆಗೆ ಅಂಟಿಕೊಂಡರೆ ಕಾವು ಹಲಗೆಗೇ ಇಳಿಯುತ್ತದೆ ಅಂತ ಇಬ್ಬರೂ ಕೂತು ಯೋಚನೆ ಮಾಡಿ, ಹಳೇ ಕಾಲದ ವೈರಿಂಗಿನ ಪಿಂಗಾಣಿ ಬಿಲ್ಲೆಗಳನ್ನು ನಡುನಡುವೆ ಕೊಟ್ಟು, ಒಂದು ಬೆರಳಿನಷ್ಟು ಜಾಗ ಬಿಟ್ಟು ತಗಡು ಕೂರಿಸಿದರು. ಆವಿ ತಗಡಿಗೆ ತಾಗಿ ನೀರಾಗಿ ಇಳಿದರೆ ಅದನ್ನು ಹಿಡಿಯಲು ಕೆಳಗಂಚಿಗೆ ಸಣ್ಣ ಕಾಲುವೆ. ಆ ಕಾಲುವೆಯ ತುದಿಗೆ ಒಂದು ಕೊಳವೆ, ಅದು ವ್ಯಾನಿನ ಹೊರಗೆ.

ಸಿಲಿಂಡರಿಗೆ ಬೇರೆಯದೇ ಒಂದು ತಗಡಿನ ಗೂಡಾಯಿತು. ಅದರ ತಳಕ್ಕೆ ತೂತು ಕೊರೆದು, ಕೆಳಗಿನ ನೆಲ ಕಾಣುವ ಹಾಗೆ ಮಾಡಿದ್ದರು. ತೂತೇಕೆ ಅಂತ ಕೇಳಿದೆ.

"ಗ್ಯಾಸು ಒಗೆ ತರ ಮೇಲಕ್ಕೋಗಾಕಿಲ್ಲ. ಸೋರುದ್ರೆ ನೀರಿನಂಗೆ ತಳಕ್ಕಿಳೀತದೆ. ಇಲ್ಲಿಂದ ರೋಡಿಗೋಯ್ತದೆ, ವ್ಯಾನೊಳಗೆ ನಿಲ್ಲಾಕಿಲ್ಲ" ಅಂದರು. ಆಮೇಲೆ ನನ್ನ ಮುಖ ನೋಡದೆ, "ಯಾರ್‍ಗೂ ಏನೂ ಆಗಾಕಿಲ್ಲ" ಅಂತ ಸೇರಿಸಿದರು.

ಸಾಹೇಬರು ತಗಡು ಕತ್ತರಿಸುತ್ತಲೇ, "ಫಿಕರ್ ಮಾಡ್ಬ್ಯಾಡಿ ಅಕ್ಕ, ಅಣ್ಣಾವ್ರು ಒಂದೊಂದು ಮೂಲೆನೂ ಮೂರು ಸರ್ತಿ ಬಿಚ್ಸಿ ಕಟ್ಸೌರೆ ನನ್ನ ಕೈಲಿ" ಅಂದರು. ಯಾರಿಗೂ ಏನೂ ಆಗಬಾರದು ಅಂದರೆ ಯಾರಿಗೆ? ಒಬ್ಬರೇ ಹೋಗುವವರು ಇಷ್ಟೊಂದು ಜೋಪಾನ ಮಾಡುತ್ತಾರೆಯೇ? ಈ ಮನುಷ್ಯ ತನ್ನ ಮೈ ಬಗ್ಗೆ ಇಷ್ಟು ಕಾಳಜಿ ಮಾಡಿದ್ದನ್ನು ನಾನು ಎಂದೂ ಕಂಡವಳಲ್ಲ. ಅನುಮಾನ ಬಂತು.

ಎಲ್ಲ ಮುಗಿದ ಮೇಲೆ ಇವರು ಸ್ನಾನ ಮಾಡಿ ಶುಭ್ರವಾದ ಅಂಗಿ ಹಾಕಿಕೊಂಡು, "ಬಂದು ನೋಡು" ಅಂತ ಕರೆದರು. ಗೂಡು ಚೆನ್ನಾಗಿಯೇ ಇತ್ತು. ಮುಂದಿನ ಬಾಗಿಲು ಕೆಳಕ್ಕೆ ಬೀಳಿಸಿದರೆ ಹಲಗೆಯಾಗುತ್ತಿತ್ತು, ಪಾತ್ರೆ ಜಾರದಂತೆ ಒಲೆಯ ಸುತ್ತ ಕಬ್ಬಿಣದ ಕಟಕಟೆ ಇತ್ತು. ನಾನು ಒಂದು ಸುತ್ತು ನೋಡಿ ಕೇಳಿದೆ.

"ಇಟ್ಟು ಎಲ್ಲಿ ತೊಳಸೋದು?"

ಇವರು ಬಗ್ಗಿ ಗೂಡಿನ ಮುಂದಿನ ನೆಲ ನೋಡಿದರು. ಸಾಹೇಬರು ತಲೆ ಕೆರೆದುಕೊಂಡರು.

ಮುದ್ದೆ ಅಂದರೆ ಒಲೆಯ ಮೇಲೆ ಆಗುವುದು ಅರ್ಧ ಕೆಲಸ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದರ ಕಂಠ ಅದುಮಿ, ಆ ಕೋಲನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ದೊಣ್ಣೆ ಹಾಕಿ ತೊಳಸಬೇಕು. ತೊಳಸುವಾಗ ನಮ್ಮ ಹೆಂಗಸರ ಮೈಯಲ್ಲಿ ಇರುವ ಬಲವೆಲ್ಲ ಆ ಪಾತ್ರೆಗಿಳಿಯುತ್ತದೆ. ಅಲ್ಲಿದ್ದ ಇಬ್ಬರು ಗಂಡಸರೂ ಹುಟ್ಟಿದಾಗಿನಿಂದ ಮುದ್ದೆ ತಿಂದವರೇ. ಅದು ದುಂಡಗಾಗಿ ತಟ್ಟೆಯ ಮೇಲೆ ತಾನಾಗಿ ಬಂದು ಕೂರುತ್ತದೆ ಅಂದುಕೊಂಡಿದ್ದರೇನೋ. ಒಲೆಗೆ ಜಾಗ, ಪಾತ್ರೆಗೆ ಜಾಗ, ಸಾರಿನ ಸೌಟಿಗೂ ಒಂದು ಮೊಳೆ. ತೊಳಸಲು ಮಾತ್ರ ಒಂದು ಗೇಣು ನೆಲವಿಲ್ಲ. ಮಳೆ ಹೊಯ್ಯುವಾಗ ಹೊರಗಿನ ಕೆಸರಲ್ಲಿ ಇಟ್ಟುಕೊಂಡು ತೊಳಸಲೇ ಅಂತ ಕೇಳಿದೆ.

"ತೊಳಸಲೇ" ಅಂತ ನಾನು ಅಂದಿದ್ದು ನನಗೆ ಗೊತ್ತಾಗಲಿಲ್ಲ. ಇವರಿಗೆ ಗೊತ್ತಾಯಿತು. ಅಂದೇ ತಂತಿಯ ಯಂತ್ರವನ್ನು ಬಿಚ್ಚಿ ಹಿಂದಕ್ಕೆ ಸರಿಸಿ, ಒಲೆಗೂಡಿನ ಮುಂದೆ ನೆಲ ಬಿಡಿಸಿದರು. ಪಾತ್ರೆಯ ತಳ ಕೂರುವಂಥ ಒಂದು ಕಬ್ಬಿಣದ ಬಳೆ ಮಾಡಿಸಿ ವ್ಯಾನಿನ ನೆಲಕ್ಕೇ ಬೆಸುಗೆ ಹಾಕಿಸಿದರು. ಆ ಬಳೆಯ ಪಕ್ಕ ಒಂದು ಕಬ್ಬಿಣದ ಕವೆ, ಬಾಗಿಲ ಕೀಲಿನಂಥ ಕೀಲಿನ ಮೇಲೆ. ಮಡಚಿ ಕೆಳಕ್ಕೆ ತಂದರೆ ಪಾತ್ರೆಯ ಕಂಠವನ್ನು ತಾನೇ ಅದುಮಿ ಹಿಡಿಯುತ್ತಿತ್ತು. ಕಾಲಲ್ಲಿ ಒತ್ತುವ ಕೆಲಸವಿಲ್ಲ.

ನಾನು ನೋಡಲು ಹೋದಾಗ ಗೂಡಿನ ಮುಂದೆ ಒಂದು ಮಣೆ ಇತ್ತು. ಆಗ ಇನ್ನೊಂದು ತಪ್ಪು ಕಾಣಿಸಿತು. "ಇದೇನು ಒಲೆ ಇಷ್ಟು ತಗ್ಗಿಗದೆ? ನಿಮ್ಮಷ್ಟುದ್ದದ ಆಳು ಬಗ್ಗಿ ಬಗ್ಗಿ ಸೊಂಟ ಮುರ್ಕತೀರಾ."

"ಮುರುದ್ರೆ ಮುರೀಲಿ ಬುಡು."

ಸಿಟ್ಟಿನಿಂದ ಮಣೆಯ ಮೇಲೆ ಕೂತೆ. ಕೂತರೆ ಉರಿ ಏರಿಸಿ ಇಳಿಸುವ ಗುಬುಟು ನನ್ನ ಬಲಗೈಗೆ ನೇರ ಸಿಕ್ಕಿತು. ಒಲೆಯ ಮೇಲಿನ ಪಾತ್ರೆಯ ಕಂಠ ನನ್ನ ಎದೆಯ ಮಟ್ಟಕ್ಕೆ ಬಂತು. ಬಳೆಯೊಳಗೆ ಖಾಲಿ ಪಾತ್ರೆ ಇಟ್ಟು ದೊಣ್ಣೆ ಹಿಡಿದರೆ ಮೊಣಕೈ ಯಾವುದಕ್ಕೂ ತಾಗಲಿಲ್ಲ. ಎಡಗಡೆ, ನನ್ನ ಸುಟ್ಟ ಕೈ ಇರುವ ಕಡೆ, ಉರಿ ಕಾಣದಂತೆ ಅರ್ಧ ಗೋಡೆ ಏರಿಸಿದ್ದರು. ಹಿಂದಿನ ದಿನಗಳಲ್ಲಿ ಇವರು ಅಳತೆ ಟೇಪು ಹಿಡಿದುಕೊಂಡು ಹಿತ್ತಿಲ ಅಡುಗೆಮನೆಯ ಸುತ್ತ ಸುಳಿದಾಡುತ್ತಿದ್ದುದು ನೆನಪಾಯಿತು. ಏನು ಅಂತ ಕೇಳಿದ್ದಕ್ಕೆ ಗೋಡೆ ಬಿರುಕು ನೋಡುತ್ತಿದ್ದೇನೆ ಅಂದಿದ್ದರು. ಗೋಡೆಯಲ್ಲಿ ಬಿರುಕು ಇರಲಿಲ್ಲ. ಈ ಮನುಷ್ಯ ನಾನು ಕೂತು ಬೇಯಿಸುವುದನ್ನು ಅಳೆದುಕೊಂಡು ಹೋಗಿದ್ದರು.

ಕೂತ ಮಣೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದೆ. "ಮಣೆ ಒಸಿ ಅಲ್ಲಾಡ್ತದೆ" ಅಂದೆ.

ಅಂದು ಒಲೆ ಹಚ್ಚಿದವರು ಇವರೇ. ಕಡ್ಡಿ ಗೀರುವಾಗ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ನೀಲಿ ಉರಿ ಸದ್ದಿಲ್ಲದೆ ಹತ್ತಿಕೊಂಡಿತು. ಹಚ್ಚಿದ ಮೇಲೆ ಬೇಯಿಸುವುದು ನನಗೆ ಕಷ್ಟವಾಗಲಿಲ್ಲ, ಹಚ್ಚುವುದೇ ಕಷ್ಟ. ಇವರು ಅದನ್ನು ನೋಡಿಕೊಂಡರು. "ನೀನು ಅಚ್ಬ್ಯಾಡ. ಒತ್ತಾದಾಗ ನಾನೇ ಬಂದು ಅಚ್ಕೊಟ್ಟೋಯ್ತೀನಿ. ಬರಾಕೇ ಮನ್ಸಿಲ್ದಿದ್ರೂ ಬ್ಯಾಡ. ಬಲವಂತ ಇಲ್ಲ" ಅಂದರು. ಬಲವಂತ ಮಾಡಿದ್ದರೆ ಜಗಳವಾಡಿ ಉಳಿದುಬಿಡುತ್ತಿದ್ದೆ. ಹೀಗಂದರೆ ಏನು ಮಾಡುವುದು?

ವಾರ ಕಳೆದಿರಲಿಲ್ಲ, ಮಾಕವಳ್ಳಿಯ ಆಚೆಯ ಒಂದು ಹಳ್ಳಿಯಿಂದ ಇಬ್ಬರು ಬಂದರು. ಕುಡಿಯುವ ನೀರಿನ ಬಾವಿಯ ಮೋಟರು ಸುಟ್ಟುಹೋಗಿದೆ, ಹೆಂಗಸರು ನಾಲೆಯಿಂದ ಹೊರುತ್ತಿದ್ದಾರೆ, ಮೋಟರು ಕಿತ್ತು ತರುವಷ್ಟು ಹೊತ್ತಿಲ್ಲ ಅಂದರು. ಇವರು ನನ್ನ ಕಡೆ ನೋಡಿದರು. ನಾನು ಒಳಗೆ ಹೋದೆ. ರಾಗಿ ಹಿಟ್ಟಿನ ಡಬ್ಬ, ಬೇಳೆ, ಒಂದು ಕಟ್ಟು ಸೊಪ್ಪು, ಮಾತ್ರೆ, ಎರಡು ಸೀರೆ. ಗಂಟು ತಂದು ವ್ಯಾನಿನಲ್ಲಿಟ್ಟು ಮುಂದಿನ ಸೀಟಿನಲ್ಲಿ ಕೂತೆ. ಇವರು ಪಾಂಡವಪುರ ದಾಟುವವರೆಗೂ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದರು.

ಪಾಂಡವಪುರದ ಆಚೆ ಸೋನೆ ಮಳೆ ಹಿಡಿಯಿತು. ಕಬ್ಬಿನ ಗಾಡಿಗಳು ರಸ್ತೆಯ ತುಂಬ. ಕೆ.ಆರ್. ಪೇಟೆಯಲ್ಲಿ ಬಜ್ಜಿಯ ಅಂಗಡಿಯವನು ಇವರ ಗುರುತು ಹಿಡಿದು ಕೈ ಎತ್ತಿ ಕರೆದ. ನಾನು ಕಿಟಕಿಯಿಂದ ಮುಖ ಹೊರಗೆ ಹಾಕಿ ಅವನನ್ನು ಒಮ್ಮೆ ನೋಡಿದೆ. ಅವನು ಕೈ ಇಳಿಸಿದ.

ಬಾವಿ ಊರ ಹೊರಗಿತ್ತು. ಪಕ್ಕದಲ್ಲಿ ತಗಡಿನ ಪಂಪು ಕೋಣೆ, ಮುಂದೆ ಒಣಗಿದ ತೊಟ್ಟಿ. ಇವರು ಮೋಟರು ಬಿಚ್ಚಿ, ವ್ಯಾನಿನ ಹಿಂಬಾಗಿಲಲ್ಲಿ ಕೂತು ತಂತಿ ಸುತ್ತಲು ಶುರುಮಾಡಿದರು. ಆ ರಾತ್ರಿ ಪಂಪು ಕೋಣೆಯಲ್ಲಿ ಬಲ್ಬಿನ ಕಾವಿಗೆ ಸುರುಳಿ ಒಣಗಲು ಇಟ್ಟರು, ನನಗೆ ಹೇಳಿದ ಹಾಗೆ ಬಂದು ಒಲೆ ಹಚ್ಚಿಕೊಟ್ಟರು, ಬಿಸಿ ಗಂಜಿ ಕುಡಿದರು. ಊರ ಯಜಮಾನರ ಮನೆಯಿಂದ ಊಟಕ್ಕೆ ಕರೆಯಲು ಬಂದವರಿಗೆ "ಮನೆಯೋಳು ಬಂದವ್ಳೆ, ಇಲ್ಲೇ ಆಯ್ತದೆ" ಅಂತ ಹೇಳುವಾಗ ದನಿಯಲ್ಲಿ ಎಷ್ಟು ದೊಡ್ಡಸ್ತಿಕೆ! ಬಂದವರಿಗೂ ಬೇಸರವಾಗಲಿಲ್ಲ. ಊರಿನ ಹೆಂಗಸರು ಬಂದು ಒಲೆಗೂಡನ್ನು ಇಣುಕಿ ನೋಡಿ, ಕಬ್ಬಿಣದ ಕವೆಯನ್ನು ಮಡಚಿ ಬಿಡಿಸಿ ಆಡಿಸಿದರು. ಒಬ್ಬಾಕೆ, "ನಮ್ಮೆಜಮಾನ ಒಂದು ಮೊಳೆ ಒಡ್ಕೊಡು ಅಂದ್ರೆ ದೀಪಾವಳಿ ಬರ್ಬೇಕು" ಅಂದಳು.

ಮಾರನೆಯ ದಿನ ಮಧ್ಯಾಹ್ನ. ಮಳೆ ಜೋರಾಗಿತ್ತು. ಇವರು ಮೋಟರನ್ನು ಜೋಡಿಸಿ ಕೂರಿಸಲು ಪಂಪು ಕೋಣೆಗೆ ಹೋಗಿದ್ದರು. ಊಟದ ಹೊತ್ತಾಯಿತು, ಬರಲಿಲ್ಲ. ಕೂಗಿದೆ, ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಹೋಗಿ ಕರೆಯಬಹುದಿತ್ತು. ವ್ಯಾನಿನ ಬಾಗಿಲಿಂದ ನೋಡಿದರೆ ಇವರು ಮಂಡಿಯೂರಿ, ಬಾಯಲ್ಲಿ ಸ್ಕ್ರೂ ಡ್ರೈವರ್ ಕಚ್ಚಿಕೊಂಡು, ಮೋಟರಿನ ಮೇಲೆ ಕಿವಿಯಿಟ್ಟು ಏನೋ ಆಲಿಸುತ್ತಿದ್ದಾರೆ. ಆ ಕಿವಿಯನ್ನು ಅಲ್ಲಿಂದ ಎಬ್ಬಿಸಿದರೆ ಕೆಲಸ ಕೆಡುತ್ತದೆ ಅನ್ನಿಸಿತು. ಎಬ್ಬಿಸದಿದ್ದರೆ ಹೊಟ್ಟೆ ಕೆಡುತ್ತದೆ. ನಾನು ಬಂದಿರುವುದಾದರೂ ಯಾತಕ್ಕೆ?

ಮಣೆಯ ಮೇಲೆ ಕೂತೆ. ಹೊರಗೆ ಮಳೆ ವ್ಯಾನಿನ ಮೈಯನ್ನೆಲ್ಲ ತೋಯಿಸುತ್ತಿತ್ತು, ನೆಲದ ಚಾಪೆ ಒದ್ದೆಯಾಗಿತ್ತು, ನನ್ನ ಸೆರಗೂ ತೇವವಾಗಿತ್ತು. ಗೂಡಿನ ಬಾಗಿಲು ತೆರೆದರೆ ಒಳಗೆ ಮಾತ್ರ ಒಣಗಿದ ನೆಲದ ವಾಸನೆ. ತಗಡು ಮುಟ್ಟಿ ನೋಡಿದೆ, ಒಂದು ಹನಿ ಇಲ್ಲ. ಬೆಂಕಿಪೊಟ್ಟಣ ಬೆಚ್ಚಗಿತ್ತು. ಬಗ್ಗಿ ಸಿಲಿಂಡರಿನ ಗೂಡಿನ ತೂತಿನಲ್ಲಿ ನೋಡಿದೆ, ಕೆಳಗೆ ಕೆಸರಿನ ನೆಲ ಕಾಣಿಸಿತು. ಗ್ಯಾಸು ಸೋರಿ ಹೋಗುವುದಾದರೆ ಅಲ್ಲಿಂದ ಹೋಗುತ್ತದೆ. ಮೊದಲನೇ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು, ಗುಬುಟು ತಿರುಗಿಸುವ ಧೈರ್ಯ ಬರುವಷ್ಟರಲ್ಲಿ ಆರಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. "ಊರಿಗೆಲ್ಲ ಬುದ್ಧಿ ಹೇಳ್ತೀಯ" ಅಂತ ನನ್ನನ್ನೇ ಬೈದುಕೊಂಡು ಮೂರನೆಯದನ್ನು ಗೀರಿದೆ. ಈ ಸಲ ಮುಖ ತಿರುಗಿಸಲಿಲ್ಲ. ನೀಲಿ ಉರಿ ಬುಸ್ಸೆಂದು ವೃತ್ತವಾಗಿ ಹತ್ತಿ, ಅಲ್ಲೇ, ಕಟಕಟೆಯೊಳಗೆ, ತನ್ನ ಪಾಡಿಗೆ ತಾನು ಉರಿಯತೊಡಗಿತು.

ಎಸರು ಮರಳಿತು, ಹಿಟ್ಟು ಬೆಂದಿತು. ಪಾತ್ರೆಯನ್ನು ಬಳೆಯೊಳಗೆ ಇಳಿಸಿ, ಕವೆ ಮಡಚಿ, ದೊಣ್ಣೆ ಹಾಕಿ ತೊಳಸಿದೆ. ವ್ಯಾನು ಒಂದಿಷ್ಟು ತೂಗಿತು, ಪಾತ್ರೆ ಅಲುಗಲಿಲ್ಲ. ಆವಿ ಟೋಪಿಯ ದಾರಿ ಹಿಡಿದು ಹೊರಗೆ ಹೋಗುತ್ತಿತ್ತು. ಉಳಿದದ್ದು ತಗಡಿನ ಮೇಲೆ ನೀರಾಗಿ ಕಾಲುವೆಗೆ ಇಳಿಯುತ್ತಿತ್ತು. ಒಲೆ ಆರಿಸಿ, ಗುಬುಟನ್ನು ಎರಡು ಸಲ ಮುಟ್ಟಿ ನೋಡಿ, ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ತಟ್ಟೆಗಿಟ್ಟೆ. ಮಂದವಾದ ಸೊಪ್ಪಿನ ಸಾರು ಬಿಟ್ಟೆ. ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದೆ.

ಅದೇ ಹೊತ್ತಿಗೆ ಪಂಪು ಕೋಣೆಯೊಳಗಿಂದ ಸದ್ದು ಬಂತು. ಮೊದಲು ಗೊಗ್ಗರು ದನಿ, ಆಮೇಲೆ ಸಮನಾದ ದನಿ. ಕೊಳವೆ ಕೆಮ್ಮಿತು, ಗಾಳಿ ಬಂತು, ಕೆಂಪು ನೀರು ಬಂತು, ಆಮೇಲೆ ದಪ್ಪಗೆ ತಿಳಿನೀರು ತೊಟ್ಟಿಗೆ ಧುಮುಕಿತು. ಕೊಡ ಹಿಡಿದು ಮಳೆಯಲ್ಲಿ ನಿಂತಿದ್ದ ಹೆಂಗಸರೆಲ್ಲ ಹೋ ಅಂದರು. ಇವರು ಕೋಣೆಯಿಂದ ಹೊರಗೆ ಬಂದು ಆ ನೀರನ್ನು ನೋಡುತ್ತಾ ನಿಂತರು. ಮುಖದ ತುಂಬ ಮಸಿ, ಆ ಮಸಿಯೊಳಗೆ ಒಂದು ನಗು. ಬಾಯಿ ಪೂರ್ತಿ ತೆರೆದ, ಯಾವ ಮುಚ್ಚುಮರೆಯೂ ಇಲ್ಲದ ನಗು. ನಾನು ಅದನ್ನು ಅಂದಿನವರೆಗೂ ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಈ ಮುಖ ಊರೂರಿನ ಬಾವಿಯ ಹತ್ತಿರ ಇತ್ತು, ಮನೆಗೆ ಬರುತ್ತಿದ್ದುದು ದಣಿದ ಮುಖ ಮಾತ್ರ. ನಾನು ಅದೇ ನನ್ನ ಗಂಡ ಅಂದುಕೊಂಡು ಬದುಕಿದ್ದೆ.

ಊರವರು ಇವರ ಕೈ ಹಿಡಿದು ಏನೇನೋ ಹೇಳುತ್ತಿದ್ದರು. ಇವರು ಕೇಳಿಸಿಕೊಳ್ಳಲಿಲ್ಲ. ಆ ನಗುವನ್ನು ಹಾಗೇ ಇಟ್ಟುಕೊಂಡು ತಿರುಗಿದರು, ಮಳೆಯಲ್ಲಿ ಕಣ್ಣು ಕಿರಿದು ಮಾಡಿ ವ್ಯಾನಿನ ಕಡೆ ಹುಡುಕಿದರು. ಬಾಗಿಲಲ್ಲಿ ನಾನಿದ್ದೆ. ನನ್ನ ಕೈಯಲ್ಲಿ ಆವಿಯಾಡುವ ತಟ್ಟೆ ಇತ್ತು. ತಾವು ಬಂದು ಹಚ್ಚಿಕೊಡದೆ ಅದು ಹೇಗೆ ಬಂತು ಅನ್ನುವುದು ಅವರಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಆ ನಗು ಹೋಯಿತು. ಆ ಉದ್ದನೆಯ ಮನುಷ್ಯ ಅಷ್ಟು ಜನರ ನಡುವೆ, ಮಸಿ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡರು.

"ಬನ್ನಿ, ಆರೋಯ್ತದೆ" ಅಂತ ಕೂಗಿದೆ.